ಮೋದಿನಸಾಬನ ಮನೆಯ ನೀರು

ನಮ್ಮೂರಿನಲ್ಲಿ ಕೆಟ್ಟ ನೀರು ಬಿದ್ದರೆ ಸದ್ದಾಗುವುದಿಲ್ಲ. ಒಳ್ಳೆಯ ನೀರು ಎಲ್ಲ ಊರುಗಳ ನೀರಿನ ಹಾಗೆಯೇ ಕೊಡದ ತಳಕ್ಕೆ ಬಡಿದು, ತುಂಬುತ್ತ ಬಂದಂತೆ ದನಿ ಏರಿಸಿಕೊಳ್ಳುತ್ತದೆ. ಕೆಟ್ಟ ನೀರು ಮಾತ್ರ ಹತ್ತಿಯ ಮೇಲೆ ಹತ್ತಿ ಬಿದ್ದ ಹಾಗೆ ಬೀಳುತ್ತದೆ. ಅದಕ್ಕೆ ನಮ್ಮವರು ಮೂಕ ನೀರು ಎನ್ನುತ್ತಾರೆ. ನೋಡಲು ತಿಳಿಯಾಗಿರಬಹುದು, ಮೂಗಿಗೆ ಯಾವ ವಾಸನೆಯೂ ತಾಗದಿರಬಹುದು. ಮೂಕಾಗಿದ್ದರೆ ಮಾತ್ರ ಅದನ್ನು ಯಾರೂ ತುಟಿಗೆ ತಾಗಿಸುವುದಿಲ್ಲ.

ನಾನು ಬೇರೆ ಊರಿನವಳು, ಸೊಸೆಯಾಗಿ ಬಂದವಳು. ಬಂದ ಮೊದಲ ಬೆಳಿಗ್ಗೆ ನಲ್ಲಿಗೆ ಕೊಡ ಹಿಡಿದು ಏನೋ ಗುನುಗುತ್ತಿದ್ದೆ. ಅತ್ತೆ ಓಡಿ ಬಂದು ನನ್ನ ಬಾಯಿ ಮುಚ್ಚಿದರು. ನಲ್ಲಿಯಲ್ಲಿ ನೀರು ಬರುವ ಆರರಿಂದ ಏಳೂವರೆಯ ತನಕ ಈ ಊರಿನಲ್ಲಿ ಯಾರೂ ಮಾತಾಡುವುದಿಲ್ಲ ಎಂದು ಆಮೇಲೆ ತಿಳಿಯಿತು. ಮಿಕ್ಸರ್ ತಿರುಗುವುದಿಲ್ಲ, ರೇಡಿಯೋ ಹಚ್ಚುವುದಿಲ್ಲ. ಗುಡಿಯ ಗಂಟೆಯೂ ಮಸೀದಿಯ ಮೈಕೂ ಅಷ್ಟರೊಳಗೆ ತಮ್ಮ ಕೆಲಸ ಮುಗಿಸಿರುತ್ತವೆ. ಬಸ್ಸಿನ ಡ್ರೈವರ್ ಊರ ಹೊರಗಿನ ದಿಬ್ಬ ಇಳಿದ ಮೇಲೆ ಹಾರ್ನ್ ಮುಟ್ಟುವುದಿಲ್ಲ. ಅಳುವ ಕೂಸುಗಳನ್ನು ಮುದುಕರು ಎತ್ತಿಕೊಂಡು ಬಯಲಿಗೆ ಹೋಗುತ್ತಾರೆ. ಹಾಗಾಗಿ ಕೂಸು ಆಡಿಸುವುದರಲ್ಲಿ ನಮ್ಮೂರ ಮುದುಕರನ್ನು ಮೀರಿಸುವವರು ಸುತ್ತ ಎಲ್ಲೂ ಇಲ್ಲ. ಪ್ಲಾಸ್ಟಿಕ್ ಕೊಡ ದನಿಯನ್ನು ನುಂಗುತ್ತದೆಂದು ಬಿಟ್ಟಿ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಹೆಣ್ಣು ನೋಡಲು ಹೋದವರು ಬಣ್ಣ ಕೇಳುವುದಕ್ಕಿಂತ ಮೊದಲು ಕಿವಿ ಚುರುಕಿದೆಯೇ ಎಂದು ಕೇಳುತ್ತಾರೆ.

ನನ್ನ ಕಿವಿ ಚುರುಕಿತ್ತು. ಆ ಕಿವಿಯೇ ನನ್ನನ್ನು ಈ ಊರಿನ ನೀರುಗಂಟಿ ಮಾಡಿತು. ಗುಡ್ಡದ ಮೇಲೆ ದೊಡ್ಡ ನೀರಿನ ಟಾಕಿ ಇದೆ. ದಿನಾ ಬೆಳಿಗ್ಗೆ ಅದರ ಕೆಳಗಿನ ವಾಲ್ವನ್ನು ಕೀಲಿ ಹಾಕಿ ತಿರುಗಿಸಿ, ಮೊದಲ ಕೊಡ ತುಂಬಿಸಿ ಕೇಳಿ, ಸರಿ ಎನಿಸಿದ ಮೇಲೆ ಊರಿಗೆ ಬಿಡುವುದು ನೀರುಗಂಟಿಯ ಕೆಲಸ. ಹಿಂದಿನವರಿಗೆ ಕಿವಿ ಮಂದವಾದಾಗ ಪಂಚಾಯಿತಿಯವರು ಆರು ಕೊಡ ಇಟ್ಟು ಪರೀಕ್ಷೆ ಮಾಡಿದರು. ನಾಲ್ಕನೆಯ ಕೊಡದ ನೀರು ಅರ್ಧ ಮೂಕಾಗಿದೆ ಎಂದು ಹೇಳಿದವಳು ನಾನೊಬ್ಬಳೇ. ಆ ಕೆಲಸಕ್ಕೆ ಬಂದ ಮೊದಲ ಹೆಂಗಸು ನಾನು. ನನ್ನ ಗಂಡ ದ್ಯಾಮಣ್ಣ ಆಗಲೇ ಊರಿನ ಪೈಪ್ ಕೆಲಸದವನಾಗಿದ್ದ. ಹೆಂಡತಿ ನೀರು ಬಿಡುವವಳು, ಗಂಡ ನೀರು ಮುಟ್ಟಿಸುವವನು ಎಂದು ಜನ ಚೇಷ್ಟೆ ಮಾಡಿದರೆ ಅವನು ಮೀಸೆ ತಿರುವುತ್ತಿದ್ದ. ತನ್ನ ಕೈಯ ಜೋಡಣೆ ಇಪ್ಪತ್ತು ವರ್ಷದಲ್ಲಿ ಒಂದೂ ಸೋರಿಲ್ಲ ಎಂಬುದು ಅವನ ಹೆಮ್ಮೆ. ನನಗೂ ಆ ಹೆಮ್ಮೆ ಇತ್ತು.

ನೀರುಗಂಟಿಗೆ ಕೀಲಿ ಕೊಡುವಾಗ ಒಂದು ಕಟ್ಟಳೆಯನ್ನು ಬಾಯಿಬಿಟ್ಟು ಹೇಳಿಸುತ್ತಾರೆ. ಒಂದೇ ಮನೆಯ ನೀರು ಮೂಕಾದರೂ ಊರಿನ ನೀರೆಲ್ಲ ನಿಲ್ಲಬೇಕು, ತಪ್ಪು ಸಿಕ್ಕು ಸರಿಹೋಗುವ ತನಕ ಯಾರ ನಲ್ಲಿಯಲ್ಲೂ ಹನಿ ಬರಕೂಡದು. ನಾನೂ ಹೇಳಿದ್ದೆ. ನಾನು ಬಂದ ಮೇಲೆ ಅಂಥದ್ದು ಎಂದೂ ನಡೆದಿರಲಿಲ್ಲ. ಅದು ಬರೀ ಹೇಳುವುದಕ್ಕಿರುವ ಮಾತು ಎಂದುಕೊಂಡಿದ್ದೆ.

ಆ ವರ್ಷದ ಬೇಸಿಗೆ ಆಗ ತಾನೇ ಶುರುವಾಗಿತ್ತು. ಸೋಮವಾರದಿಂದ ಹತ್ತನೆಯ ಇಯತ್ತೆಯ ಪರೀಕ್ಷೆ. ಸುತ್ತಲಿನ ಹನ್ನೊಂದು ಹಳ್ಳಿಗೆ ನಮ್ಮೂರೇ ಕೇಂದ್ರ. ಬಸ್ಸಿನ ಭರವಸೆ ಇಲ್ಲದ ಹಳ್ಳಿಗಳ ಮಕ್ಕಳು ಎರಡು ದಿನ ಮುಂಚೆಯೇ ಬಂದು ನೆಂಟರ ಮನೆಗಳಲ್ಲಿ, ಗುರುತಿನವರ ಮನೆಗಳಲ್ಲಿ ಇಳಿದುಕೊಂಡಿದ್ದರು. ಶನಿವಾರ ಮಧ್ಯಾಹ್ನ ನಾನು ಕುಪ್ಪಸದ ಬಟ್ಟೆ ತೆಗೆದುಕೊಂಡು ಮೋದಿನಸಾಬನ ಮನೆಗೆ ಹೋದೆ.

ಮೋದಿನಸಾಬ ದರ್ಜಿ. ಚರಂಡಿಯ ಆಚೆ, ಹೊಸ ರಸ್ತೆಯ ತುದಿಗೆ, ಉಳಿದ ಮನೆಗಳಿಂದ ಇನ್ನೂರು ಹೆಜ್ಜೆ ದೂರದಲ್ಲಿ ಅವನದೊಂದೇ ಮನೆ. ಹನ್ನೆರಡು ವರ್ಷದವನಿದ್ದಾಗ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದ, ತಾನೂ ಮಾತಾಡುತ್ತಿದ್ದ. ಹೆಂಡತಿ ಹಸೀನಾಬಿ ತೀರಿಕೊಂಡು ಐದು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಕೆಲವು ತಿಂಗಳಿಂದ ನಾನು ಅವನನ್ನು ನೋಡಿರಲಿಲ್ಲ. ಮಷಿನ್ ಹಿಂದಿನಿಂದ ಎದ್ದು ಬಂದವನನ್ನು ಕಂಡು ಗಾಬರಿಯಾಯಿತು. ಅಂಗಿ ಹೆಗಲಿನಿಂದ ಜಾರುವಷ್ಟು ಸಣ್ಣಗಾಗಿದ್ದ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಬಿಸಿಲಲ್ಲಿ ಬಂದಿದ್ದೀರಿ, ಕೂಡ್ರಿ ಎಂದು ಸನ್ನೆ ಮಾಡಿ, ಅಂಗಳದಲ್ಲಿ ನಲ್ಲಿಯಿಂದ ತುಂಬಿಟ್ಟ ಹಿತ್ತಾಳೆ ಕೊಡ ಎತ್ತಿ ತಂಬಿಗೆಗೆ ಬಗ್ಗಿಸಿದ. ನಾನು ಬಟ್ಟೆಯ ಗಂಟು ಬಿಚ್ಚುತ್ತಿದ್ದೆ. ಅವನು ತಂಬಿಗೆಯನ್ನು ನನ್ನ ಮುಂದೆ ಹಿಡಿದಾಗ ಅದು ತುಂಬಿತ್ತು. ನೀರು ಬಿದ್ದದ್ದು ನನಗೆ ಕೇಳಿಸಿರಲಿಲ್ಲ.

ನನ್ನ ಗಮನ ಬೇರೆ ಕಡೆ ಇತ್ತೇನೋ ಎಂದುಕೊಂಡೆ. ತಂಬಿಗೆ ತೆಗೆದುಕೊಂಡು ನೀರನ್ನು ಕೊಡಕ್ಕೆ ವಾಪಸು ಸುರಿದೆ. ಸದ್ದಿಲ್ಲ. ಮೇಲೆ ಎತ್ತಿ ಸುರಿದೆ. ಸದ್ದಿಲ್ಲ. ನೀರು ಗಾಜಿನ ಹಾಗೆ ತಿಳಿಯಾಗಿತ್ತು. ಮೋದಿನಸಾಬ ನನ್ನನ್ನೇ ನೋಡುತ್ತಿದ್ದ. ನನ್ನ ಮುಖದಲ್ಲಿ ಏನು ಕಂಡಿತೋ, ಮೆಲ್ಲಗೆ ಕಂಬಕ್ಕೆ ಒರಗಿದ.

ಎಷ್ಟು ದಿನದಿಂದ ಮೈಯಲ್ಲಿ ಹುಷಾರಿಲ್ಲ ಎಂದು ತುಟಿ ತಿಳಿಯುವ ಹಾಗೆ ಕೇಳಿದೆ. ಒಂದೂವರೆ ವರ್ಷ ಆಗಿರಬೇಕು ಎಂದ. ಹೊಟ್ಟೆ ನಿಲ್ಲುವುದಿಲ್ಲ, ಔಷಧ ಕುಡಿದರೆ ಎಂಟು ದಿನ ಕಡಿಮೆ, ಮತ್ತೆ ಶುರು. "ವಯಸ್ಸಾತು, ಒಬ್ಬನ ಅಡಗಿ, ಅದಕ್ಕ ಹಿಂಗ ಅಂತ ತಿಳಕೊಂಡಿದ್ದೆ" ಎಂದ. ಆಮೇಲೆ, "ಹಸೀನಾ ಇದ್ದಾಗ ನೀರಿನ ಸದ್ದು ಆಕಿ ಕೇಳ್ತಿದ್ಲು" ಎಂದ.

ಅಷ್ಟು ದೊಡ್ಡ ಊರಿನಲ್ಲಿ, ಕಿವಿಯ ಬಗ್ಗೆ ಅಷ್ಟು ಜಂಬದ ಊರಿನಲ್ಲಿ, ಐದು ವರ್ಷ ಒಬ್ಬರಿಗೂ ಆ ಮನೆಯ ನೀರನ್ನು ಯಾರು ಕೇಳುತ್ತಾರೆ ಎಂಬ ಪ್ರಶ್ನೆ ಹುಟ್ಟಿರಲಿಲ್ಲ. ನಾನು ಸರಕಾರದ ಪಗಾರದ ನೀರುಗಂಟಿ. ನನಗೂ ಹುಟ್ಟಿರಲಿಲ್ಲ. ಬಟ್ಟೆಯ ಗಂಟನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತಿದೆ. ಹತ್ತುವಾಗ ಸೋಮವಾರದ ಪರೀಕ್ಷೆ ನೆನಪಾಯಿತು, ಓಣಿ ಓಣಿಯಲ್ಲಿ ಪುಸ್ತಕ ಹಿಡಿದು ಕೂತ ಮಕ್ಕಳು ನೆನಪಾದರು. ಬೆಳಗಿನ ನೀರು ಮುಗಿದ ಮೇಲೆ ಸಾಮಾನ್ಯವಾಗಿ ವಾಲ್ವನ್ನು ಪೂರ್ತಿ ಕಟ್ಟಿರುವುದಿಲ್ಲ, ಆಸ್ಪತ್ರೆಗೂ ಶಾಲೆಗೂ ಸಣ್ಣ ಧಾರೆ ಹೋಗುತ್ತಲೇ ಇರುತ್ತದೆ. ಅದನ್ನೂ ಸೇರಿಸಿ ಪೂರ್ತಿ ಕಟ್ಟಿದೆ. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದೆ.

ಮನೆಯಲ್ಲಿ ದ್ಯಾಮಣ್ಣನಿಗೆ ಹೇಳಿದಾಗ ಅವನು ಊಟಕ್ಕೆ ಕೂತಿದ್ದ. ಯಾರ ಮನೆ ಎಂದು ಕೇಳಿದ. ಹೇಳಿದೆ. ತಾಟು ಸರಿಸಿ ಎದ್ದು ಕೈ ತೊಳೆದುಕೊಂಡ. ನಾನು ಪರೀಕ್ಷೆಯ ಹೊತ್ತಿಗೆ ನೀರು ನಿಲ್ಲಿಸಿದ್ದಕ್ಕೆ ಸಿಟ್ಟಾಗಿದ್ದಾನೆ ಎಂದುಕೊಂಡೆ.

ಸಂಜೆ ಪಂಚಾಯಿತಿ ಅಂಗಳದಲ್ಲಿ ಊರೆಲ್ಲ ಸೇರಿತು. ಅಧ್ಯಕ್ಷ ಅಂದಾನೆಪ್ಪ ಕೆಟ್ಟವನಲ್ಲ. ಯಾರ ಮನೆಯಲ್ಲಿ ಕಷ್ಟವಿದ್ದರೂ ಮೊದಲು ಮುಟ್ಟುವವನು ಅವನೇ. ತಿಂಗಳ ಹಿಂದೆ ಪ್ರಯೋಗಾಲಯದಿಂದ ಬಂದ ಕಾಗದ ತೋರಿಸಿ, ಟಾಕಿಯ ನೀರು ಚೊಕ್ಕ ಇದೆ ಎಂದು ಓದಿ ಹೇಳಿದ. ಬೇರೆ ಎಲ್ಲ ಮನೆಗಳಲ್ಲೂ ನೀರು ಮಾತಾಡುತ್ತಿದೆ ಎಂದು ಓಣಿಯ ಹಿರಿಯರಿಂದ ಹೇಳಿಸಿದ. ಆಮೇಲೆ ಎದ್ದು ನಿಂತು, "ಒಂದು ಮನಿ ಸಲುವಾಗಿ ಹನ್ನೊಂದುನೂರು ಮನಿ ಒಣಗಿಸೂದು ಬ್ಯಾಡ. ಮೋದಿನಸಾಬನ ಕನೆಕ್ಷನ್ ಅಷ್ಟ ಕಡದು ಹಾಕೂಣು. ಪರೀಕ್ಷಾ ಮುಗಿಯೂತನ ದಿನಾ ಎರಡು ಕೊಡ ನೀರು ನಾನ ಹೊತ್ತು ಮುಟ್ಟಿಸ್ತೀನಿ" ಎಂದ.

ಅನೇಕರು ತಲೆ ಅಲ್ಲಾಡಿಸಿದರು. ಮಾತು ತಪ್ಪೆಂದು ನನಗೂ ಅನಿಸಲಿಲ್ಲ, ಅದೇ ಕಷ್ಟವಾಗಿದ್ದು. ಮೋದಿನಸಾಬ ಮುಂದಿನ ಸಾಲಿನಲ್ಲಿ ಕೂತು ಅಧ್ಯಕ್ಷನ ತುಟಿಯನ್ನೇ ನೋಡುತ್ತಿದ್ದ. ಎದ್ದು ನಿಂತ. ತನ್ನ ದನಿ ಎಷ್ಟಿದೆ ಎಂದು ಅವನಿಗೆ ತಿಳಿಯುವುದಿಲ್ಲ, ಹಾಗಾಗಿ ಅಂಗಳದ ತುದಿಗೂ ಕೇಳುವಷ್ಟು ಜೋರಾಗಿ, "ನನಗ ಒಪ್ಪಿಗಿ ಐತಿ. ಹುಡುಗರಿಗೆ ತ್ರಾಸ ಆಗಬಾರದು" ಎಂದ.

ನಾನು ಮಾತು ಬಲ್ಲವಳಲ್ಲ. ಸೊಂಟದಿಂದ ಕೀಲಿ ತೆಗೆದು ಅಧ್ಯಕ್ಷನ ಮೇಜಿನ ಮೇಲೆ ಇಟ್ಟೆ. "ಇದನ್ನ ಇಸಕೊಳ್ಳಾಕ ನಿಮಗ ಹಕ್ಕೈತಿ. ಯಾರಿಗರ ಕೊಟ್ಟು ತಗಿಸ್ರಿ. ನನ್ನ ಕೈಲೆ ಮಾತ್ರ ಆಗೂದಿಲ್ಲ" ಎಂದೆ. ಕೀಲಿಯನ್ನು ಅಧ್ಯಕ್ಷ ಮುಟ್ಟಲಿಲ್ಲ, ಬೇರೆ ಯಾರೂ ಮುಟ್ಟಲಿಲ್ಲ.

ಹೆಂಗಸರ ಕಡೆಯಿಂದ ತಂಗೆವ್ವ ಎದ್ದಳು. ಅವಳು ಅಂದಾನೆಪ್ಪನ ತಾಯಿ, ಎಂಬತ್ತು ದಾಟಿದವಳು, ಸಭೆಯಲ್ಲಿ ಎಂದೂ ಬಾಯಿ ತೆರೆದವಳಲ್ಲ. "ಅಂದಾನಿ" ಎಂದು ಮಗನನ್ನು ಮನೆಯಲ್ಲಿ ಕರೆಯುವಂತೆಯೇ ಕರೆದಳು. "ನೀ ತೊಟ್ಟಿಲಾಗ ಇದ್ದಿ. ನಮ್ಮ ಮನಿ ನೀರು ಮೂಕಾತು. ನಮ್ಮ ಮನಿದು ಒಂದ. ಆರು ದಿನ ಊರಾಗ ನೀರಿರಲಿಲ್ಲ."

ತನಗೆ ಇದನ್ನು ಯಾರೂ ಹೇಳಿಲ್ಲ ಎಂದ ಅಂದಾನೆಪ್ಪ.

"ಯಾರೂ ಹೇಳಲಿಲ್ಲ. ನಿಮ್ಮ ಸಲುವಾಗಿ ನಾವು ನೀರಿಲ್ಲದ ಇದ್ವಿ ಅಂತ ಇಷ್ಟು ವರ್ಷದಾಗ ಒಬ್ರೂ ನಮ್ಮ ಬಾಗಲಿಗೆ ಬಂದು ಅನ್ನಲಿಲ್ಲ. ಅದಕ್ಕ ನಿನಗ ಗೊತ್ತಿಲ್ಲ." ಅಷ್ಟು ಹೇಳಿ ಅವಳು ಕೂಡಲಿಲ್ಲ. ಮನೆಗೆ ಹೋಗಿ ಕೊಡ ತೆಗೆದುಕೊಂಡು ಹಳೆಯ ಬಾವಿಯ ದಾರಿ ಹಿಡಿದಳು. ಸೊಸೆ ಹಿಂದೆ ಓಡಿದಳು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಜನ ಕಡಿಮೆಯಾಗಿದ್ದರು, ದಾರಿಯಲ್ಲಿ ಕೊಡಗಳು ಕಾಣುತ್ತಿದ್ದವು. ಅಂದಾನೆಪ್ಪ ಕೀಲಿಯನ್ನು ಎತ್ತಿ ನನ್ನ ಕೈಗೆ ಕೊಟ್ಟ.

ಹಳೆಯ ಬಾವಿ ಊರಿಂದ ಒಂದೂವರೆ ಮೈಲಿ. ಅದರ ನೀರು ಸ್ವಲ್ಪ ಒಗರು, ಆದರೆ ಗಟ್ಟಿಯಾಗಿ ಮಾತಾಡುತ್ತದೆ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಹಗ್ಗ, ಗಡಗಡೆ, ಸಾಲು ಎಲ್ಲ ಸಿದ್ಧವಾಗಿದ್ದವು. ಯಾರೂ ಯಾರಿಗೂ ಹೇಳಿರಲಿಲ್ಲ. ಪರೀಕ್ಷೆಯ ಮಕ್ಕಳಿರುವ ಮನೆಗಳಿಗೆ ಮೊದಲ ಕೊಡ ಎಂದು ಸಾಲಿನಲ್ಲೇ ತೀರ್ಮಾನವಾಯಿತು. ಸ್ನಾನ ಬಿಟ್ಟೆವು. ಒಗೆಯುವುದು ಬಿಟ್ಟೆವು. ಹೋಟೆಲಿನವನು ಬಾಳೆ ಎಲೆ ತರಿಸಿ ತಾಟು ತೊಳೆಯುವುದನ್ನು ಬಿಟ್ಟ. ಹಳ್ಳಿಯಿಂದ ಬಂದ ಒಬ್ಬ ಹುಡುಗಿ ಪರೀಕ್ಷೆ ಮುಗಿಸಿ ಸೀದಾ ಬಾವಿಗೆ ಬಂದು ತನ್ನ ಪಾಲಿನ ಒಂದು ಕೊಡ ಹೊತ್ತಳು. ಬೇಡ ಎಂದರೆ ಕೇಳಲಿಲ್ಲ. ಹುಡುಗರು ನೀರಿಲ್ಲದೆ ಪರೀಕ್ಷೆಗೆ ಹೋದರು ಎಂಬ ಮಾತು ಆ ದಿನಗಳಲ್ಲಿ ಒಮ್ಮೆಯೂ ಬರಲಿಲ್ಲ. ಅದನ್ನು ನಾನು ಇಂದಿಗೂ ಹೆಮ್ಮೆಯಿಂದ ಹೇಳುತ್ತೇನೆ. ಮೋದಿನಸಾಬನನ್ನು ಆಸ್ಪತ್ರೆಗೆ ಸೇರಿಸಲು ಹೋದರೆ, ತಪ್ಪು ಸಿಗುವ ತನಕ ಬರುವುದಿಲ್ಲ ಎಂದು ಹಟ ಹಿಡಿದ. ಡಾಕ್ಟರರು ಅವನ ಮನೆಗೇ ಬಂದು ಸೂಜಿ ಹಾಕಿ ಹೋದರು.

ಹುಡುಕುವ ಕೆಲಸವೇ ಕಠಿಣವಾಗಿತ್ತು. ಉಳಿದ ಮನೆಗಳ ನೀರು ಸರಿ ಇದ್ದದ್ದರಿಂದ ತಪ್ಪು ಆ ಕೊನೆಯ ಇನ್ನೂರು ಹೆಜ್ಜೆಯಲ್ಲೇ ಇರಬೇಕು. ಆದರೆ ಎರಡು ವರ್ಷದ ಹಿಂದೆ ಹೊಸ ರಸ್ತೆ ಮಾಡಿದಾಗ ಯಂತ್ರಗಳು ನೆಲವನ್ನೆಲ್ಲ ಮಗುಚಿ ಹಾಕಿದ್ದವು, ಕೊಳವೆ ಯಾವ ಕಡೆಯಿಂದ ಹೋಗಿದೆ ಎಂಬುದು ತಿಳಿಯುತ್ತಿರಲಿಲ್ಲ. ಗೊತ್ತಿರಬೇಕಾದವನು ದ್ಯಾಮಣ್ಣ. ತನಗೆ ನೆನಪಿಲ್ಲ ಎಂದ. ಅಂದಾಜಿನ ಮೇಲೆ ಅಗೆದರು. ಕೊಳವೆ ಸಿಕ್ಕ ಕಡೆ ಬಿಚ್ಚಿ, ಆ ಸಾಲಿಗಷ್ಟೇ ನಾನು ಒಂದು ಗಳಿಗೆ ನೀರು ಬಿಡುತ್ತಿದ್ದೆ. ಗುಂಡಿಯೊಳಗೆ ಕೊಡ ಹಿಡಿದು, ಸುತ್ತ ನಿಂತವರೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಮಾತಾಡಿದರೆ ಮುಂದಕ್ಕೆ. ಭಾನುವಾರ ಮೂರು ಗುಂಡಿ, ಸೋಮವಾರ ನಾಲ್ಕು. ಎರಡರಲ್ಲಿ ಕೊಳವೆಯೇ ಸಿಗಲಿಲ್ಲ. ದ್ಯಾಮಣ್ಣ ಎಲ್ಲರಿಗಿಂತ ಹೆಚ್ಚು ಅಗೆದ. ಮನೆಗೆ ಬಂದರೆ ಮಾತಿಲ್ಲ, ಊಟವಿಲ್ಲ. ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದರೆ, ಸೋಮವಾರ ಸಂಜೆಯ ಹೊತ್ತಿಗೆ ನನಗೆ ಅನುಮಾನ ಬಂದಿತ್ತು, ಕೇಳಿದರೆ ಉತ್ತರ ಸಿಕ್ಕೀತು ಎಂಬ ಹೆದರಿಕೆ ಇತ್ತು.

ಮಂಗಳವಾರ ಎಂಟನೆಯ ಗುಂಡಿಗೆ ರಸ್ತೆಯ ಬಲಕ್ಕೆ ಗುರುತು ಹಾಕಿದರು. ಅಂದಾನೆಪ್ಪನೇ ಗುದ್ದಲಿ ಎತ್ತಿದ್ದ. ಅರವತ್ತು ದಾಟಿದ ಮನುಷ್ಯ, ಮೂರು ದಿನದಿಂದ ಕೊಡ ಹೊತ್ತು ಹೆಗಲು ಬಾತಿತ್ತು. ದ್ಯಾಮಣ್ಣ ಬಂದು ಅವನ ಗುದ್ದಲಿಯ ಕಾವು ಹಿಡಿದುಕೊಂಡ. "ಇಲ್ಲಿ ಅಗೀಬ್ಯಾಡ್ರಿ" ಎಂದ. ಎಡಕ್ಕೆ ನಡೆದು, ಚರಂಡಿಯ ಅಂಚಿಗೆ ನಿಂತು, ಕೆಳಗಿನ ಕಪ್ಪು ನೀರಿಗೆ ಬೆರಳು ಮಾಡಿದ. "ಇಲ್ಲೈತಿ. ಇದು ನನ್ನ ಕೈಗೆಲಸ."

ನೆಲ ನೋಡಿಕೊಂಡೇ ಎಲ್ಲ ಹೇಳಿದ. ರಸ್ತೆಯ ಕೆಲಸದಲ್ಲಿ ಯಂತ್ರ ತಾಗಿ ಮೋದಿನಸಾಬನ ಮನೆಯ ಕೊಳವೆ ತುಂಡಾಗಿತ್ತು. ಹೊಸ ಕೊಳವೆಯನ್ನು ಮೇಲಿಂದ ಸುತ್ತಿಸಿ ತರಲು ಎರಡು ದಿನ ಬೇಕಿತ್ತು. ಅಂದು ಬೇರೆ ಊರಿನಲ್ಲಿ ಕೆಲಸ ಒಪ್ಪಿಕೊಂಡಿದ್ದ. ಚರಂಡಿಯೊಳಗಿಂದಲೇ ತುಂಡು ಜೋಡಿಸಿ, ಸೈಕಲ್ ಟ್ಯೂಬ್ ಸುತ್ತಿ, ತಂತಿ ಬಿಗಿದು, ಬಂದು ಸರಿ ಮಾಡುತ್ತೇನೆ ಎಂದುಕೊಂಡು ಹೋದ. ಆ ಮನೆಯಿಂದ ಯಾರೂ ದೂರು ತರಲಿಲ್ಲ, ಅವನೂ ಮರೆತ. ಶನಿವಾರ ಹೆಸರು ಕೇಳಿದ ಕೂಡಲೇ ನೆನಪಾಗಿತ್ತು. ಬೇರೆ ಕಡೆ ಎಲ್ಲಾದರೂ ತಪ್ಪು ಸಿಗಲಿ ಎಂದು ಮೂರು ದಿನ ಹರಕೆ ಹೊತ್ತಿದ್ದ.

ಜನ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಗ ಮೋದಿನಸಾಬ ಗುಂಪಿನಿಂದ ಮುಂದೆ ಬಂದು ನನ್ನ ತೋಳು ಮುಟ್ಟಿ, "ಏನಂತಾನ ಅವ? ಬಾಯಿ ಕಾಣವಲ್ದು" ಎಂದ.

ದ್ಯಾಮಣ್ಣ ತಲೆ ಬಗ್ಗಿಸಿ ಹೇಳಿದ್ದು ಅವನೊಬ್ಬನಿಗೆ ಮುಟ್ಟಿರಲಿಲ್ಲ. ನಾನು ಹೇಳಬಹುದಿತ್ತು. ಹೇಳಬಾರದು ಅನಿಸಿತು. ದ್ಯಾಮಣ್ಣ ನನ್ನನ್ನು ನೋಡಿದ. ಆಮೇಲೆ ಚರಂಡಿಯ ಅಂಚಿನಿಂದ ಬಂದು ಮೋದಿನಸಾಬನ ಎದುರಿಗೆ ನಿಂತ. ಮುಖ ಎತ್ತಿದ. ಮೊದಲಿಂದ, ಒಂದೊಂದೇ ಮಾತನ್ನು ಬಿಡಿಸಿ, ತುಟಿ ಚೆನ್ನಾಗಿ ತೆರೆದು, ಇನ್ನೊಮ್ಮೆ ಎಲ್ಲ ಹೇಳಿದ. ಸೈಕಲ್ ಟ್ಯೂಬ್ ಎನ್ನುವಾಗ ಮೋದಿನಸಾಬನಿಗೆ ತಿಳಿಯಲಿಲ್ಲ, ಹುಬ್ಬು ಗಂಟಿಕ್ಕಿದ. ದ್ಯಾಮಣ್ಣ ಅದನ್ನು ಎರಡು ಸಲ ಹೇಳಬೇಕಾಯಿತು. ಇಪ್ಪತ್ತೆರಡು ವರ್ಷ ಅವನ ಜೊತೆ ಸಂಸಾರ ಮಾಡಿದ್ದೇನೆ. ಆ ಗಳಿಗೆಯಲ್ಲಿ ಅವನ ಮೇಲೆ ನನಗಿದ್ದಷ್ಟು ಸಿಟ್ಟು ಎಂದೂ ಇರಲಿಲ್ಲ. ಆದರೂ ಅವನು ಆ ಮುಖವನ್ನು ತಗ್ಗಿಸದೆ ಕೊನೆಯ ತನಕ ಹಿಡಿದು ನಿಂತದ್ದನ್ನು ನೋಡಿ, ಇವನು ನನ್ನ ಗಂಡ ಎಂದು ಯಾರಿಗಾದರೂ ಹೇಳಬೇಕು ಅನಿಸಿತು.

ಮೋದಿನಸಾಬ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದ. ಕೊನೆಗೆ, "ಹೊಸಾ ಪೈಪು ಯಾವಾಗ ಹಾಕ್ತಿ?" ಎಂದು ಕೇಳಿದ.

"ಇವತ್ತ."

"ಮ್ಯಾಲಿಂದ ತಾ. ಚರಂಡಿ ಮುಟ್ಟಿಸಬ್ಯಾಡ" ಎಂದು ಹೇಳಿ ನೆರಳಿಗೆ ಹೋಗಿ ಕೂತ.

ದ್ಯಾಮಣ್ಣ ಚರಂಡಿಗೆ ಇಳಿದು ಆ ಹಳೆಯ ಜೋಡಣೆಯನ್ನು ಕಿತ್ತು ತಂದ. ಟ್ಯೂಬು ಕೊಳೆತು ಬಾಯಿ ಬಿಟ್ಟಿತ್ತು. ನೀರು ಬಿಟ್ಟಾಗ ಅಲ್ಲಿಂದ ಹೊರಕ್ಕೆ ಸೋರಿ, ನಿಲ್ಲಿಸಿದಾಗ ಚರಂಡಿಯದನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಸಂಜೆಯೊಳಗೆ ಎತ್ತರದ ಕಡೆಯಿಂದ ಹೊಸ ಕೊಳವೆ ಬಂತು. ಎರಡು ದಿನ ವೃಥಾ ಅಗೆದವರೇ ಅದಕ್ಕೂ ಅಗೆದರು. ಬುಧವಾರ ಬೆಳಿಗ್ಗೆ ಆರಕ್ಕೆ ಕೊಳವೆಯನ್ನೆಲ್ಲ ಔಷಧ ಹಾಕಿ ತೊಳೆಸಿ, ವಾಲ್ವ್ ತಿರುಗಿಸಿ, ನಾನು ಗುಡ್ಡದಿಂದ ಓಡುತ್ತ ಇಳಿದೆ. ಯಾರೂ ತಮ್ಮ ಮನೆಯಲ್ಲಿ ನಲ್ಲಿ ತೆರೆದಿರಲಿಲ್ಲ. ಮೋದಿನಸಾಬನ ಅಂಗಳದಲ್ಲೂ ಹೊರಗೆ ರಸ್ತೆಯಲ್ಲೂ ಜನ ನಿಂತಿದ್ದರು. ಅವನು ಕೊಡ ಇಟ್ಟು ನಲ್ಲಿ ತಿರುಗಿಸಿದ. ತಿರುಗಿಸಿದವನು ನೀರಿನ ಕಡೆ ನೋಡಲಿಲ್ಲ, ನಮ್ಮ ಕಡೆ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದ. ತಂಗೆವ್ವನ ಮುಖದ ಹತ್ತಿರ ಬಂದಾಗ ಅವಳು ಬೊಚ್ಚು ಬಾಯಿ ತೆರೆದು ನಕ್ಕಳು. ಅವನಿಗೆ ಗೊತ್ತಾಯಿತು.

ಮೋದಿನಸಾಬ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದ. ಮಳೆಗಾಲದ ಹೊತ್ತಿಗೆ ಅಂಗಿ ಹೆಗಲಿನ ಮೇಲೆ ನಿಲ್ಲುವಷ್ಟಾದ. ಪಂಚಾಯಿತಿ ದ್ಯಾಮಣ್ಣನಿಂದ ಒಂದು ವರ್ಷ ಕೆಲಸ ಕಿತ್ತುಕೊಂಡಿತು. ಅವನು ಆ ವರ್ಷವನ್ನು ತಾನು ಹಾಕಿದ ಜೋಡಣೆಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡುವುದರಲ್ಲಿ ಕಳೆದ. ಇನ್ನೂ ಎರಡು ಸಡಿಲವಾಗಿದ್ದವು. ಎರಡನ್ನೂ ತಾನೇ ಪಂಚಾಯಿತಿಗೆ ಹೋಗಿ ಬರೆಸಿದ. ಊರಿನಲ್ಲಿ ಕಿವಿ ಕೇಳದವರು, ಮಂದವಾದವರು ಒಟ್ಟು ಮೂವತ್ತೊಂದು ಜನ ಎಂದು ನಾವು ಮನೆ ಮನೆ ತಿರುಗಿ ಕಂಡುಕೊಂಡೆವು. ಆ ಮನೆಗಳಿಗೆ ಪಕ್ಕದವರು ಪಾಳಿಯ ಮೇಲೆ ದಿನಾ ಬೆಳಿಗ್ಗೆ ಹೋಗಿ ಕೇಳಿ ಬರುತ್ತಾರೆ.

ಪರೀಕ್ಷೆಯ ವೇಳೆ ನಾಲ್ಕು ದಿನ ನೀರು ನಿಲ್ಲಿಸಿದ್ದಕ್ಕೆ ಜಿಲ್ಲೆಯ ಕಚೇರಿಯಿಂದ ಕಾರಣ ಕೇಳಿ ಒಂದು ಫಾರಂ ಬಂತು. ಅಂದಾನೆಪ್ಪ ನನ್ನನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ತುಂಬತೊಡಗಿದ. ಒಂದು ಕಡೆ, ಕೆಟ್ಟ ನೀರಿನಿಂದ ಬಾಧೆಗೊಳಗಾದ ಮನೆಗಳು ಎಷ್ಟು ಎಂದಿತ್ತು. ಅವನು ಪೆನ್ನನ್ನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಎಲ್ಲ ಎಂದು ಬರೆದ. ಪಕ್ಕದಲ್ಲಿ ನಿಂತ ಗುಮಾಸ್ತ, ಅಲ್ಲಿ ಅಂಕಿ ಬೇಕು, ಇಲ್ಲದಿದ್ದರೆ ವಾಪಸು ಬರುತ್ತದೆ ಎಂದ. ಅಧ್ಯಕ್ಷ ಅದನ್ನು ಹೊಡೆದು ಹಾಕಿ, ಊರಿನಲ್ಲಿ ಒಟ್ಟು ಎಷ್ಟು ನಲ್ಲಿ ಎಂದು ನನ್ನನ್ನು ಕೇಳಿದ. ಸಾವಿರದ ನೂರಾ ನಾಲ್ಕು ಎಂದೆ.

"ಮೋದಿನಸಾಬನ ಮನಿ ಹಿಡದು?"

"ಹಿಡದು."

ಅಂಕಿ ಬರೆದು, ಕೆಳಗೆ ಸಹಿ ಮಾಡಿ, ಪೆನ್ನನ್ನು ನನಗೆ ಕೊಟ್ಟ.